ಮಗುವಿಗೆ ಟೈಪ್ 1 ಮಧುಮೇಹ: ಮನೆ, ಶಾಲೆ, ಆಸ್ಪತ್ರೆ ಒಂದಾಗಿ ನೋಡಿಕೊಳ್ಳುವುದು ಹೇಗೆ?

ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ಮಗು ಉಳಿದ ದಿನವೆಲ್ಲ ಅಡುಗೆಮನೆ, ತರಗತಿ, ಆಟದ ಬಯಲಿನಲ್ಲೇ ಇರುತ್ತದೆ. ಶುಗರ್ ಹತೋಟಿಗೆ ಬರುವುದೂ ತಪ್ಪುವುದೂ ಅಲ್ಲೇ. ಹಾಗಾಗಿ ಅಮ್ಮನೊಬ್ಬಳ ಹೆಗಲಿಗೆ ಎಲ್ಲ ಹೊರಿಸಿದರೆ ನಡೆಯುವುದಿಲ್ಲ. ವೈದ್ಯರು, ಮಧುಮೇಹ ತಿಳಿವಳಿಕೆ ಕೊಡುವ ನರ್ಸ್, ಆಹಾರತಜ್ಞರು, ತರಗತಿಯ ಶಿಕ್ಷಕರು, ಮನೆಯ ಅಜ್ಜಿಯವರೆಗೆ ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಕೆಲಸ ಗೊತ್ತಿರಬೇಕು.

ಮೊದಲು ಒಂದು ಮಾತು ಮನೆಮಂದಿಗೆಲ್ಲ ಸ್ಪಷ್ಟವಾಗಲಿ. ಸಿಹಿ ತಿಂದದ್ದರಿಂದ ಈ ಕಾಯಿಲೆ ಬಂದಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಮಾಡಿದೆ. ಇನ್ಸುಲಿನ್ ಹೊರಗಿನಿಂದ ಕೊಡಲೇಬೇಕು. ನಾಟಿ ಔಷಧಿ ನಂಬಿ ಸೂಜಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಕುತ್ತು ಬರುತ್ತದೆ.

ಹೆಜ್ಜೆ 1: ಬಾಟಲಿ ಮತ್ತು ಸಿರಿಂಜ್ ಹೊಂದುತ್ತವೆಯೇ ನೋಡಿ

ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಮಿಲಿಲೀಟರಿಗೆ 40 ಯೂನಿಟ್‌ನವು. ಅವಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್‌ಗಳು ಮತ್ತು ಕೆಲವು ಬಾಟಲಿಗಳು 100 ಯೂನಿಟ್‌ನವು. 100ರ ಸಿರಿಂಜ್‌ಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ 10ರ ಗೆರೆವರೆಗೆ ಎಳೆದರೆ ಮಗುವಿಗೆ ಹೋಗುವುದು 25 ಯೂನಿಟ್. ಶುಗರ್ ಪ್ರಪಾತಕ್ಕೆ ಬೀಳುತ್ತದೆ. ಔಷಧಿ ಅಂಗಡಿಯ ಕೌಂಟರಿನಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಆಮೇಲೆ ದುಡ್ಡು ಕೊಡಿ.

ಇನ್ನೂ ಬಳಕೆಗೆ ತೆಗೆಯದ ಬಾಟಲಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದ್ದನ್ನು ಎಸೆಯಿರಿ, ಕರಗಿಸಿ ಬಳಸಬೇಡಿ. ಬಳಕೆ ಶುರುವಾದ ಬಾಟಲಿಯ ಮೇಲೆ ತಾರೀಖು ಬರೆಯಿರಿ. ಸಾಮಾನ್ಯವಾಗಿ 28 ದಿನಕ್ಕೆ ಅದರ ಆಯುಸ್ಸು ಮುಗಿಯಿತು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಮನೆಯವರು ದೊಡ್ಡ ಮಡಕೆಗೆ ಒದ್ದೆ ಮರಳು ತುಂಬಿ, ನಡುವೆ ಚಿಕ್ಕ ಕುಡಿಕೆ ಕೂರಿಸಿ, ಬಾಟಲಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅದರೊಳಗಿಡಬಹುದು. ಗಾಳಿಯಾಡುವ ನೆರಳಲ್ಲಿಟ್ಟು, ಮರಳು ಒಣಗದಂತೆ ನೀರು ಚಿಮುಕಿಸುತ್ತಿರಿ.

ಹೊಟ್ಟೆ, ತೊಡೆ, ತೋಳು, ಪೃಷ್ಠ, ಹೀಗೆ ಚುಚ್ಚುವ ಜಾಗ ಬದಲಿಸಿ. ನೋವಿಲ್ಲವೆಂದು ಮಗು ಒಂದೇ ಜಾಗ ಕೇಳುತ್ತದೆ. ಅಲ್ಲಿ ಕೊಬ್ಬು ಗಂಟುಕಟ್ಟಿ, ಇನ್ಸುಲಿನ್ ಒಂದು ದಿನ ಹತ್ತಿದರೆ ಇನ್ನೊಂದು ದಿನ ಹತ್ತುವುದಿಲ್ಲ. ಕಾರಣವಿಲ್ಲದೆ ಶುಗರ್ ಏರಿಳಿಯುತ್ತಿದ್ದರೆ ಮೊದಲು ಆ ಜಾಗವನ್ನು ಬೆರಳಿನಿಂದ ಸವರಿ ನೋಡಿ.

ಹೆಜ್ಜೆ 2: ತಟ್ಟೆಯ ಲೆಕ್ಕ, ಮನೆಗೆಲ್ಲ ಒಂದೇ ಅಡುಗೆ

ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 100 ಗ್ರಾಂ ರಾಗಿಹಿಟ್ಟು ಹಾಕಿ ಮಾಡಿದ ಮುದ್ದೆಯಲ್ಲಿ ಸುಮಾರು 67 ಗ್ರಾಂ ಪಿಷ್ಟವಿದೆ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ, 30 ಗ್ರಾಂ ಹಿಟ್ಟಿನ ಚಪಾತಿಯಲ್ಲಿ ಸುಮಾರು 20 ಗ್ರಾಂ. ನಾರು ಹೆಚ್ಚಿರುವ ರಾಗಿ ಒಳ್ಳೆಯದೇ, ಆದರೆ ಅದಕ್ಕೂ ಲೆಕ್ಕ ಹಿಡಿಯಲೇಬೇಕು. ಅಡುಗೆಮನೆಯಲ್ಲಿ ಒಂದು ಚಿಕ್ಕ ತಕ್ಕಡಿ ಇಟ್ಟು ಎರಡು ವಾರ ತೂಗಿದರೆ ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ಎಷ್ಟು ಗ್ರಾಂ ಪಿಷ್ಟಕ್ಕೆ ಒಂದು ಯೂನಿಟ್ ಇನ್ಸುಲಿನ್ ಎಂಬುದು ಮಗುವಿನಿಂದ ಮಗುವಿಗೆ ಬೇರೆ, ಅದನ್ನು ವೈದ್ಯರಿಂದ ಬರೆಸಿಕೊಳ್ಳಿ.

ಮಗುವಿಗೊಂದು, ಉಳಿದವರಿಗೊಂದು ಅಡುಗೆ ಬೇಡ. ಹಬ್ಬದ ಹೋಳಿಗೆಯನ್ನು ಪೂರ್ತಿ ನಿಷೇಧಿಸಿದರೆ ಅಜ್ಜಿ ಕರುಣೆಯಿಂದ ಕದ್ದು ಕೊಡುತ್ತಾರೆ, ಮಗು ಕದ್ದು ತಿನ್ನುತ್ತದೆ, ಇನ್ಸುಲಿನ್ ಇಲ್ಲದೆ. ಊಟದ ಜೊತೆಗೆ, ಲೆಕ್ಕ ಹಿಡಿದು, ಎಲ್ಲರ ಎದುರಿಗೆ ಒಂದು ಹೋಳಿಗೆ ಕೊಡುವುದೇ ಲೇಸು.

ಹೆಜ್ಜೆ 3: ಶುಗರ್ ಕುಸಿದಾಗ

ಬೆವರು, ನಡುಕ, ತಟ್ಟನೆ ಹಸಿವು, ಕಾರಣವಿಲ್ಲದ ಸಿಟ್ಟು, ಮಂಕುತನ ಕಂಡರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ 10 ಕೆಜಿ ತೂಕಕ್ಕೆ 3 ಗ್ರಾಂನಂತೆ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಕೊಡಿ. 40 ಕೆಜಿ ಮಗುವಿಗೆ ಸಮತಟ್ಟಾದ ಮೂರು ಟೀ ಚಮಚ, 20 ಕೆಜಿ ಮಗುವಿಗೆ ಒಂದೂವರೆ, ಅರ್ಧ ಲೋಟ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಸಕ್ಕರೆ ಕೊಡಿ. ಚಾಕೊಲೇಟ್ ಆಗದು, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ, ಮನೆಯಲ್ಲಿ ಗ್ಲುಕಗಾನ್ (ಶುಗರ್ ಏರಿಸುವ ಚುಚ್ಚುಮದ್ದು) ಇದ್ದರೆ ಹೇಳಿಕೊಟ್ಟಂತೆ ಚುಚ್ಚಿ, 108ಕ್ಕೆ ಕರೆ ಮಾಡಿ.

ಸಂಜೆ ಕಬಡ್ಡಿ ಆಡಿದ ದಿನ ಶುಗರ್ ನಡುರಾತ್ರಿಯೂ ಇಳಿಯಬಹುದು. ಆಟ ಬಿಡಿಸಬೇಡಿ. ಆಟಕ್ಕೆ ಮುನ್ನ ಮತ್ತು ಮಲಗುವ ಮುನ್ನ ಒಮ್ಮೆ ನೋಡಿ.

ಹೆಜ್ಜೆ 4: ಜ್ವರ, ವಾಂತಿಯ ದಿನ

"ಮಗು ಏನೂ ತಿಂದಿಲ್ಲ, ಅದಕ್ಕೆ ಇನ್ಸುಲಿನ್ ಕೊಡಲಿಲ್ಲ." ಅತ್ಯಂತ ಅಪಾಯದ ತಪ್ಪು ಇದೇ. ಕಾಯಿಲೆಯಲ್ಲಿ ದೇಹಕ್ಕೆ ಇನ್ಸುಲಿನ್ ಹೆಚ್ಚಾಗಿಯೇ ಬೇಕಾಗಬಹುದು. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ನಿಲ್ಲಿಸಬೇಡಿ. ಪ್ರಮಾಣಕ್ಕೆ ವೈದ್ಯರಿಗೆ ಫೋನ್ ಮಾಡಿ. ಎರಡು ಮೂರು ಗಂಟೆಗೊಮ್ಮೆ ಶುಗರ್ ನೋಡಿ, 250 ದಾಟಿದರೆ ಅಥವಾ ವಾಂತಿಯಾಗುತ್ತಿದ್ದರೆ ಸ್ಟ್ರಿಪ್‌ನಲ್ಲಿ ಮೂತ್ರದ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರುವ ಆಮ್ಲ) ಪರೀಕ್ಷಿಸಿ. ಹೊಟ್ಟೆನೋವು, ವೇಗದ ಆಳ ಉಸಿರು, ನಿಲ್ಲದ ವಾಂತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ.

ಹೆಜ್ಜೆ 5: ಶಾಲೆಗೊಂದು ಹಾಳೆ, ಒಂದು ಡಬ್ಬಿ

ಹಾಳೆಯಲ್ಲಿ ಮೇಲಿನ ಲಕ್ಷಣಗಳು, ಮಗುವಿಗೆ ಬೇಕಾದ ಸಕ್ಕರೆಯ ಅಳತೆ, ಎರಡು ಫೋನ್ ನಂಬರ್ ಕನ್ನಡದಲ್ಲೇ ಬರೆಯಿರಿ. ಡಬ್ಬಿಯಲ್ಲಿ ಗ್ಲುಕೋಸ್, ಮೀಟರ್, ಸ್ಟ್ರಿಪ್ ಇರಲಿ. ಅದು ಬೀಗ ಹಾಕಿದ ಬೀರುವಿನಲ್ಲಿ ಇರಕೂಡದು. ತರಗತಿ ಶಿಕ್ಷಕರಷ್ಟೇ ಮುಖ್ಯ ದೈಹಿಕ ಶಿಕ್ಷಕರು. ಬಿಸಿಯೂಟ ಮಾಡುವ ಮಗುವಿಗೆ ಎಷ್ಟು ಸೌಟು ಅನ್ನ, ಹಾಲಿಗೆ ಸಕ್ಕರೆ ಬೆರೆಸಿತ್ತೇ ಎಂಬುದನ್ನು ಬಡಿಸುವವರಿಂದ ತಿಳಿದುಕೊಳ್ಳಿ. ಶಾಲೆ ಹಿಂಜರಿದರೆ, ಇಂಥ ಮಕ್ಕಳಿಗೆ ತರಗತಿಯಲ್ಲೂ ಪರೀಕ್ಷೆಯಲ್ಲೂ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿಂಡಿ ತಿನ್ನಲು ಅವಕಾಶ ಕೊಡುವಂತೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿರುವುದನ್ನು ತಿಳಿಸಿ.

ಹೆಜ್ಜೆ 6: ಪುಸ್ತಕ ಹಿಡಿದು ಆಸ್ಪತ್ರೆಗೆ

ಶುಗರ್, ಇನ್ಸುಲಿನ್, ಊಟ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. 300 ಕಂಡಾಗ ಬೈದರೆ ಮುಂದಿನ ಸಲ ಮಗು 140 ಎಂದು ಸುಳ್ಳು ಬರೆಯುತ್ತದೆ; ಆ ಸುಳ್ಳಿನ ಮೇಲೆ ವೈದ್ಯರು ಪ್ರಮಾಣ ನಿರ್ಧರಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ರಕ್ತಪರೀಕ್ಷೆ), ವೈದ್ಯರು ಹೇಳಿದ ಕಾಲಕ್ಕೆ ಥೈರಾಯ್ಡ್, ಕಣ್ಣು, ಮೂತ್ರದ ಆಲ್ಬುಮಿನ್ ಪರೀಕ್ಷೆ. ಹದಿಹರೆಯದಲ್ಲಿ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ಅದೇ ವಯಸ್ಸಿಗೆ ಬೇಸರವೂ ಬರುತ್ತದೆ. "ದೊಡ್ಡವಳಾದೆ, ನೀನೇ ನೋಡಿಕೊ" ಎಂದು ಒಮ್ಮೆಲೇ ಬಿಟ್ಟುಕೊಡಬೇಡಿ. ಸೂಜಿ ಅವಳೇ ಹಾಕಿಕೊಳ್ಳಲಿ, ಸಿರಿಂಜ್‌ನ ಗೆರೆಯನ್ನು ನೀವೂ ಒಮ್ಮೆ ನೋಡಿ. ಊಟ ಬಿಡುವುದು, ಸೂಜಿ ತಪ್ಪಿಸುವುದು, ಮಾತು ಕಡಿಮೆಯಾಗುವುದು ಕಂಡರೆ ಮುಂದಿನ ಭೇಟಿಯಲ್ಲಿ ಆಪ್ತಸಮಾಲೋಚಕರನ್ನೂ ಕಾಣಬೇಕೆಂದು ಕೇಳಿ.