ಅಕ್ಷರ ಕಾಣುತ್ತದೆ, ಆದರೆ ರಕ್ತ ಹರಿಯುತ್ತಿಲ್ಲ

ಕಾರವಾರದಲ್ಲಿ ಕಣ್ಣಿನ ಡಾಕ್ಟರಾಗಿ ಕೆಲಸ ಶುರು ಮಾಡಿದ ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ಬೈತಖೋಲ್ ಬಂದರಿನ ಮೀನುಗಾರಿಕೆ ಬೋಟೊಂದರ ತಾಂಡೇಲರು, ಅಂದರೆ ಬೋಟು ನಡೆಸುವವರು, ಕನ್ನಡಕದ ನಂಬರ್ ತೆಗೆಸಲು ಬಂದಿದ್ದರು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದರು. ಚೀಟಿಯಲ್ಲಿ 6/6 ಎಂದು ಬರೆದೆ. ಅವತ್ತು ಹೊರಗೆ ಜನ ಜಾಸ್ತಿ ಇದ್ದರು. ಪಾಪೆ ಅಗಲವಾಗುವ ಹನಿ ಹಾಕಿ ಒಳಗೆ ನೋಡಲು ಇನ್ನೂ ಅರ್ಧ ಗಂಟೆ ಬೇಕಿತ್ತು. "ಮುಂದಿನ ಸಲ ನೋಡೋಣ" ಎಂದು ಕಳಿಸಿಬಿಟ್ಟೆ.

ಏಳು ತಿಂಗಳ ಮೇಲೆ ಅವರು ಬಂದಾಗ ಮಗ ಕೈ ಹಿಡಿದುಕೊಂಡಿದ್ದ. "ಡಾಕ್ಟ್ರೇ, ಬಲಗಣ್ಣಲ್ಲಿ ಮೊದಲು ಕಪ್ಪು ದಾರ ತೇಲಿದ ಹಾಗಾಯಿತು. ಬೆಳಗಾಗುವುದರೊಳಗೆ ಪೂರಾ ಹೊಗೆ" ಎಂದರು. ಕಣ್ಣಿನೊಳಗೆ ರಕ್ತ ಸೋರಿತ್ತು.

ಅಂದಿನಿಂದ ಸಕ್ಕರೆ ಕಾಯಿಲೆಯವರು ಕಣ್ಣಿಗೆ ಕಸ ಬಿತ್ತು ಎಂದು ಬಂದರೂ ಸರಿ, ಆ ವರ್ಷ ರೆಟಿನಾ, ಅಂದರೆ ಕಣ್ಣಿನ ಒಳಗಿನ ಹಿಂಭಾಗದ ಪರದೆ, ನೋಡಿಸಿಲ್ಲವೆಂದರೆ ಹನಿ ಹಾಕದೆ ಕಳಿಸುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ಏನಾಗುತ್ತದೆ ಎಂದು ಜನರಿಗೆ ಹೇಳಲು ನಾನು ನಳದ ನೀರಿನ ಲೆಕ್ಕ ಹೇಳುತ್ತೇನೆ. ಮೇ ತಿಂಗಳ ನೀರಿನ ಕಷ್ಟ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಪೈಪಿನೊಳಗೆ ಹೂಳು ಕಟ್ಟಿದರೆ ಮೊದಲು ಒಣಗುವುದು ಸಾಲಿನ ಕೊನೆಯ ಮನೆ. ರೆಟಿನಾದಲ್ಲೂ ಹಾಗೆಯೇ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ಹಾಳಾಗುತ್ತದೆ. ಕೆಲವು ಉಬ್ಬುತ್ತವೆ, ಕೆಲವು ಸೋರುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ. ರಕ್ತ ಸಿಗದ ಭಾಗ ಸುಮ್ನೆ ಕೂರುವುದಿಲ್ಲ. ವಿಇಜಿಎಫ್ ಎಂಬ ರಾಸಾಯನಿಕ ಬಿಟ್ಟು, ನನಗೆ ರಕ್ತ ಬೇಕು ಎಂದು ಕೂಗುತ್ತದೆ. ಆ ಕೂಗಿಗೆ ಹೊಸ ನಾಳಗಳು ಹುಟ್ಟುತ್ತವೆ. ಅವಸರಕ್ಕೆ ಕಟ್ಟಿದ ರಬ್ಬರ್ ಪೈಪಿನಷ್ಟೇ ಅವುಗಳ ಗಟ್ಟಿತನ. ಒಡೆದರೆ ರಕ್ತ, ಎಳೆದರೆ ರೆಟಿನಾವೇ ಕಿತ್ತು ಬರುತ್ತದೆ.

ಇಷ್ಟೆಲ್ಲ ಆಗುವಾಗ ನೋವಿಲ್ಲ, ಕೆಂಪಿಲ್ಲ. ಅಂಚಿನಲ್ಲಿ ರಕ್ತದ ಹರಿವು ನಿಂತರೂ ನಡುಭಾಗ ಚೆನ್ನಾಗಿದ್ದರೆ ಅಕ್ಷರ ಓದಬಹುದು. ತಾಂಡೇಲರು ಓದಿದ್ದು ಹಾಗೆಯೇ.

ಹನಿ ಹಾಕಿ ನೋಡುವಾಗ ಸೋತ ಜಾಗದ ಗುರುತುಗಳನ್ನು ಹುಡುಕುತ್ತೇನೆ: ಹತ್ತಿಯ ಎಳೆಯಂಥ ಬಿಳಿ ಮಚ್ಚೆ, ಮಣಿ ಪೋಣಿಸಿದ ಹಾಗೆ ಗಂಟುಗಂಟಾದ ಅಭಿಧಮನಿ. ಎಲ್ಲಿ ರಕ್ತ ಹೋಗುತ್ತಿಲ್ಲ ಎಂದು ಖಚಿತವಾಗಿ ತಿಳಿಯಬೇಕಾದರೆ ಆಂಜಿಯೋಗ್ರಫಿ ಬೇಕು. ಕೈಯ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಬಣ್ಣ ಕೊಟ್ಟು ಕಣ್ಣಿನ ಫೋಟೋ ತೆಗೆಯುತ್ತೇವೆ. ರಕ್ತ ಹರಿಯುವಲ್ಲಿ ಬೆಳಕು, ನಿಂತಲ್ಲಿ ಕತ್ತಲು. ಇಂಜೆಕ್ಷನ್ ಎಂದರೆ ಜನ ಹೆದರುತ್ತಾರೆ. ಆಗ ನೊವೊಟ್ನಿ ಮತ್ತು ಆಲ್ವಿಸ್ ಎಂಬ ಅಮೆರಿಕದ ಇಬ್ಬರ ಕಥೆ ಹೇಳುತ್ತೇನೆ. 1961ರಲ್ಲಿ ಈ ವಿಧಾನವನ್ನು ಪ್ರಕಟಿಸುವ ಮೊದಲು ಅವರು ತಮ್ಮಲ್ಲೇ ಒಬ್ಬರ ಕೈಗೆ ಬಣ್ಣ ಚುಚ್ಚಿ ನೋಡಿದ್ದರು. ಮೈ ಸ್ವಲ್ಪ ಹಳದಿಯಾಗುತ್ತದೆ, ಮೂತ್ರ ಒಂದು ದಿನ ಕಿತ್ತಳೆ ಬಣ್ಣ ಬರುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ ಎಂದೂ ಮೊದಲೇ ಹೇಳುತ್ತೇನೆ. ಅಲರ್ಜಿ ಅಪರೂಪ, ಆದರೂ ಅದಕ್ಕೆ ಬೇಕಾದ ಔಷಧಿ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇವೆ.

ಲೇಸರ್‌ಗೆ ಒಪ್ಪಿಸುವುದೇ ದೊಡ್ಡ ಕೆಲಸ. "ಲೇಸರ್ ಮಾಡಿದರೆ ಚೆನ್ನಾಗಿ ಕಾಣುತ್ತದಾ?" ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ ಎಂದು ನೇರವಾಗಿ ಹೇಳುತ್ತೇನೆ. ರಕ್ತವಿಲ್ಲದೆ ಕೂಗುತ್ತಿರುವ ಅಂಚಿನ ಭಾಗವನ್ನು ಸುಟ್ಟು ಸುಮ್ಮನಾಗಿಸುವುದು ಲೇಸರ್‌ನ ಕೆಲಸ. ಹಳೆಯ ಪದ್ಧತಿಯಲ್ಲಿ ಒಂದು ಕಣ್ಣಿಗೆ 1,200ರಿಂದ 1,600 ಚುಕ್ಕೆ, ಎರಡು ಮೂರು ಸಲಕ್ಕೆ ಹಂಚಿ. ಈ ಚಿಕಿತ್ಸೆಯಿಂದ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು 1976ರಲ್ಲೇ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಅದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಕತ್ತಲಲ್ಲಿ ಮತ್ತು ಪಕ್ಕದಲ್ಲಿ ಕಾಣುವುದು ಸ್ವಲ್ಪ ಕಡಿಮೆಯಾಗಬಹುದು. ರಾತ್ರಿ ಬಲೆ ಹಾಕುವವರಿಗೆ ಇದನ್ನು ಮೊದಲೇ ಹೇಳದಿದ್ದರೆ ಅನ್ಯಾಯ, ಅಲ್ವಾ?

ಇನ್ನೊಂದು ತೊಂದರೆ, ಒಂದು ಸಲ ಲೇಸರ್ ಆದವರು ಮತ್ತೆ ಬರುತ್ತಿರಲಿಲ್ಲ. ಬೋಟು ಬಿಟ್ಟರೆ ಆ ದಿನದ ಪಾಲು ಹೋಯಿತು. ಬೈದು ಪ್ರಯೋಜನವಿಲ್ಲ ಎಂದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬೋಟಿನವರು ಊರಲ್ಲೇ ಇರುತ್ತಾರೆ. ಈಗ ನಾನು ಬೋಟಿನವರ ವರ್ಷದ ತಪಾಸಣೆಯನ್ನು ಜೂನ್ ಮೊದಲ ವಾರಕ್ಕೇ ಇಡುತ್ತೇನೆ. ಲೇಸರ್ ಬೇಕೆಂದರೆ ಎಲ್ಲಾ ಸುತ್ತು ಜುಲೈ ಒಳಗೆ ಮುಗಿಯುತ್ತದೆ. ಆದರೆ ಹೊಸ ನಾಳ ಹುಟ್ಟಿರುವುದು ನವೆಂಬರ್‌ನಲ್ಲಿ ಕಂಡರೆ ಜೂನ್‌ವರೆಗೆ ಕಾಯುವುದಿಲ್ಲ. ಅಂಥವರ ಬೋಟಿನ ಮಾಲೀಕರಿಗೆ ನಾನೇ ಫೋನ್ ಮಾಡುತ್ತೇನೆ.

ಎಲ್ಲರನ್ನೂ ಉಳಿಸಲು ಆಗುವುದಿಲ್ಲ. ಮೀನು ಮಾರುವ ಅಕ್ಕ ಒಬ್ಬರು ಎರಡು ಸಲ ಕನ್ನಡಕ ಬದಲಿಸಿದರೂ 500ರ ನೋಟೋ 200ರ ನೋಟೋ ಗೊತ್ತಾಗುತ್ತಿಲ್ಲ ಎಂದು ಬಂದರು. ರೆಟಿನಾದ ನಟ್ಟನಡುವೆ ಅರ್ಧ ಮಿಲಿಮೀಟರ್‌ನಷ್ಟು ಜಾಗದಲ್ಲಿ ಚೆನ್ನಾಗಿರುವ ಕಣ್ಣಿನಲ್ಲೂ ರಕ್ತನಾಳ ಇರುವುದಿಲ್ಲ. ಅವರ ಎಡಗಣ್ಣಿನಲ್ಲಿ ಆ ಖಾಲಿ ಜಾಗ ಅದಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ನಡುಭಾಗದಲ್ಲಿ ನೀರು ತುಂಬಿದ್ದರೆ ವಿಇಜಿಎಫ್ ತಡೆಯುವ ಇಂಜೆಕ್ಷನ್ ಕೊಡಬಹುದು, ದೃಷ್ಟಿ ಸುಧಾರಿಸುವುದೂ ಉಂಟು. ಮುಚ್ಚಿಹೋದ ನಾಳವನ್ನು ಮತ್ತೆ ತೆರೆಯುವ ಔಷಧಿ ನನ್ನ ಬಳಿ ಇಲ್ಲ. ಅವರ ಪಕ್ಕ ಕುಳಿತು ಇದನ್ನು ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಇನ್ನೊಂದು ಕಣ್ಣು?" ಎಂದು ಕೇಳಿದರು. ಅದಕ್ಕೆ ಆ ವಾರವೇ ಲೇಸರ್ ಶುರು ಮಾಡಿದೆ. ಸಕ್ಕರೆ, ಬಿಪಿ ಎರಡನ್ನೂ ನೋಡಿಕೊಳ್ಳಲು ಅವರ ಡಾಕ್ಟರಿಗೆ ಪತ್ರ ಬರೆದುಕೊಟ್ಟೆ. ಈಗ ಸಂತೆಯಲ್ಲಿ ನೋಟು ಎಣಿಸುವುದು ಸೊಸೆ, ಮೀನು ಆರಿಸಿ ಕೊಡುವುದು ಅವರೇ.

ತಾಂಡೇಲರ ಬಲಗಣ್ಣಿಗೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ನೆರಳಿನಷ್ಟು ಕಾಣುತ್ತದೆ. ಎಡಗಣ್ಣು ಲೇಸರ್ ಆದ ಮೇಲೆ ಹಾಗೆಯೇ ನಿಂತಿದೆ. ಬೋಟು ಈಗ ಮಗನ ಕೈಯಲ್ಲಿದೆ. ಕಳೆದ ಜೂನ್‌ನಲ್ಲಿ ಅವರು ತಮ್ಮ ಬೋಟಿನ ಆರು ಜನರನ್ನು ಕರೆದುಕೊಂಡು ಬಂದರು. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಎಲ್ಲ ಮಬ್ಬು, ಬೈಕ್ ಬೇಡ ಎಂದು ಅವರೇ ಹೇಳಿ ಎಲ್ಲರನ್ನೂ ಟೆಂಪೊದಲ್ಲಿ ಹತ್ತಿಸಿಕೊಂಡಿದ್ದರು.