ಮೊದಲು ಕ್ಲಬ್ಬಿಗೆ ಸೇರಿದೆ, ಆಮೇಲೆ ಕಾರು ಕೊಂಡೆ

ಕಾರು ಕೊಳ್ಳುವ ಏಳು ತಿಂಗಳು ಮೊದಲೇ ನಾನು ಕಾರ್ ಕ್ಲಬ್ಬಿಗೆ ದುಡ್ಡು ಕಟ್ಟಿದ್ದೆ. "ಕಾರೇ ಇಲ್ಲದೆ ಎಂತ ಕ್ಲಬ್?" ಅಂತ ಹೆಂಡತಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ 2,500 ರೂಪಾಯಿ ಕಟ್ಟದೇ ಇದ್ದಿದ್ದರೆ, ಡೀಲರ್ ಹತ್ತಿರ ಒಂದೂವರೆ ಲಕ್ಷ ಸುಮ್ನೆ ಕೊಟ್ಟು ಬರುತ್ತಿದ್ದೆ. ಸ್ಪೋರ್ಟ್ಸ್ ಕಾರಿನ ಆಸೆ ಇಟ್ಟುಕೊಂಡು ಲೆಕ್ಕ ಹಾಕುತ್ತಾ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಹಡಗಿನ ಎಂಜಿನ್ ರೂಮಿನಲ್ಲಿ. ಆರು ತಿಂಗಳು ಸಮುದ್ರ, ಮೂರ್ನಾಲ್ಕು ತಿಂಗಳು ಮಂಗಳೂರಿನ ಬಿಜೈಯಲ್ಲಿ ಮನೆ. ಒಂಬತ್ತು ವರ್ಷ ದುಡ್ಡು ಕೂಡಿಸಿದ್ದು ಒಂದೇ ಕಾರಿಗೆ, ಬಿಎಂಡಬ್ಲ್ಯು ಝಡ್4. 2009ರಲ್ಲಿ ಬಂದ ಮಾದರಿ, ಗಟ್ಟಿ ಟಾಪ್ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತದಲ್ಲ, ಅದು. ಎರಡೇ ಸೀಟು. ಸಾಲಾಗಿ ನಿಂತ ಆರು ಸಿಲಿಂಡರ್, ಎರಡು ಟರ್ಬೊ, 306 ಪಿಎಸ್ (ಹಾರ್ಸ್ ಪವರ್ ಲೆಕ್ಕದ ಶಕ್ತಿ). ಎಂಜಿನ್ ಜೊತೆಗೇ ಬದುಕುವವನಿಗೆ ಆ ಆರು ಸಿಲಿಂಡರಿನ ಸದ್ದು ಏನು ಅಂತ ಬೇರೆ ಹೇಳಬೇಕಾಗಿಲ್ಲ. ಹೊಸದು ನನ್ನ ಕೈಗೆ ಎಟುಕುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಅಂತ ಮೊದಲೇ ತೀರ್ಮಾನಿಸಿದ್ದೆ.

ಮೊದಲು ಹೋಗಿ ನೋಡಿದ ಕ್ಲಬ್ ಬೇರೆ. ಪ್ರವೇಶ ಶುಲ್ಕ 25,000, ವರ್ಷಕ್ಕೆ 12,000. ಏನು ಸಿಗುತ್ತದೆ ಅಂತ ಕೇಳಿದೆ. ಸ್ಟಿಕ್ಕರ್, ಟೀ ಶರ್ಟ್, ವರ್ಷಕ್ಕೆ ಎರಡು ಸಲ ಹೋಟೆಲಿನಲ್ಲಿ ಊಟ. ದುಡ್ಡು ಯಾರ ಖಾತೆಗೆ ಹೋಗುತ್ತದೆ ಅಂದರೆ ಒಬ್ಬರ ಸ್ವಂತ ಯುಪಿಐ ನಂಬರ್ ತೋರಿಸಿದರು. ಅಲ್ಲಿಂದ ಎದ್ದು ಬಂದೆ. ಕ್ಲಬ್ ಅಂದಮೇಲೆ ಅದರದ್ದೇ ಹೆಸರಿನ ಬ್ಯಾಂಕ್ ಖಾತೆ ಇರಬೇಕು, ರಸೀದಿ ಕೊಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಓದಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಊರಿನ ಯುವಕ ಮಂಡಲಗಳೇ ನೋಂದಣಿ ಮಾಡಿಸಿಕೊಂಡು ಲೆಕ್ಕ ಇಡುತ್ತವೆ. ಲಕ್ಷಗಟ್ಟಲೆ ಬೆಲೆಯ ಕಾರು ಇಟ್ಟುಕೊಂಡವರಿಗೆ ಅದು ಕಷ್ಟ ಆಗಬಾರದು, ಅಲ್ವಾ?

ಎರಡನೆಯ ಕ್ಲಬ್ ಚಿಕ್ಕದು. ಮೂವತ್ತು ಚಿಲ್ಲರೆ ಜನ. ಕಾರು ಇದ್ದವರಿಗೆ ವರ್ಷಕ್ಕೆ 5,000, ಇಲ್ಲದವರಿಗೆ ಅಸೋಸಿಯೇಟ್ ಅಂತ ಅರ್ಧ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟು ಮೂಡುಬಿದಿರೆ, ಕಾರ್ಕಳ ದಾಟಿ ಕುದುರೆಮುಖದ ಕಡೆ ಹೋಗುತ್ತಾರೆ. ವಾಪಸ್ ಬರುವಾಗ ಬನ್ಸ್, ಗೋಳಿಬಜೆ, ಚಹಾ. ನಾನು ಯಾರದ್ದಾದರೂ ಪಕ್ಕದ ಸೀಟಿನಲ್ಲಿ. ನಿಜವಾದ ಪಾಠ ಆಗುತ್ತಿದ್ದದ್ದು ಆ ಚಹಾದ ಹೊತ್ತಿಗೆ. ಯಾರ ಹತ್ತಿರ ಕೊಂಡಿರಿ, ಎಷ್ಟು ಕೊಟ್ಟಿರಿ, ಎಲ್ಲಿ ಮೋಸ ಹೋದಿರಿ ಅಂತ ಕೇಳಿದರೆ ಯಾರೂ ಮುಚ್ಚಿಡುತ್ತಿರಲಿಲ್ಲ. ಕ್ಲಬ್ಬಿನ ಹಿರಿಯರೊಬ್ಬರನ್ನು ಎಲ್ಲರೂ ಶೆಟ್ರು ಅನ್ನುತ್ತಾರೆ. ಅವರು ಮೊದಲ ದಿನವೇ ಹೇಳಿದ್ದು ಒಂದೇ ಮಾತು. "ಮಾರಾಯ್ರೆ, ಬೇರೆ ರಾಜ್ಯದ ನಂಬರಿನ ಕಾರು ಅಗ್ಗ ಅಂತ ಹಾರಬೇಡಿ. ಕೆಎ ನಂಬರ್ ಮಾತ್ರ ನೋಡಿ."

ಇದು ದುಡ್ಡಿನ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡ ವಿಷಯ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಜೀವಾವಧಿ ತೆರಿಗೆ 18%. ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. ಒಟ್ಟು ಹತ್ತಿರ ಹತ್ತಿರ 20%. ಪುದುಚೇರಿಯಂಥ ಕಡೆ ನೋಂದಣಿಯಾದ ಕಾರನ್ನು ಇಲ್ಲಿಗೆ ತಂದು 12 ತಿಂಗಳಿಗಿಂತ ಹೆಚ್ಚು ಓಡಿಸಬೇಕಾದರೆ ಇಲ್ಲಿ ಮತ್ತೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಕಾರು ಹಳೆಯದಾದಷ್ಟು ದರ ಇಳಿಯುತ್ತದೆ, ಆದರೂ ಸಣ್ಣ ಮೊತ್ತ ಅಲ್ಲ. ಕರ್ನಾಟಕದ್ದೇ ಕಾರಾದರೆ ಮೊದಲ ಮಾಲೀಕ ಕಟ್ಟಿದ ತೆರಿಗೆಯೇ ಸಾಕು. ನಂಬರ್ ಕೂಡ ಬದಲಾಗುವುದಿಲ್ಲ. ನನ್ನ ಕಾರು ಇವತ್ತಿಗೂ ಕೆಎ-05.

ಅದು ಸಿಕ್ಕಿದ್ದು ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ. ಫ್ಲೋರಿಡಾದಲ್ಲಿರುವ ನನ್ನ ಭಾವ ಒಂದು ಉಪಾಯ ಹೇಳಿಕೊಟ್ಟಿದ್ದರು. ಕಾರಿನ ಬೆಲೆಯ ಮೇಲೆ ಡೀಲರ್ ಸೇರಿಸುವ ಫೀ ಇಷ್ಟೇ ಇರಬೇಕು ಅಂತ ಆ ರಾಜ್ಯದಲ್ಲಿ ಮಿತಿಯೇ ಇಲ್ಲವಂತೆ. ಅದಕ್ಕೇ ಅವರು ಕಾರಿನ ಬೆಲೆ ಮಾತಾಡುವ ಮೊದಲೇ, ಎಲ್ಲ ಸೇರಿ ಕೀಲಿ ಕೈಗೆ ಬರುವಾಗ ಎಷ್ಟು ಅಂತ ಬರೆದು ಕೊಡಲು ಕೇಳುತ್ತಾರಂತೆ. ನಾನೂ ಹಾಗೇ ಕೇಳಿದೆ. ಬಂದ ಕಾಗದ ಹೀಗಿತ್ತು. ಕಾರಿಗೆ 21,50,000. ಹ್ಯಾಂಡ್ಲಿಂಗ್ ಚಾರ್ಜ್ 25,000. ಆರ್‌ಸಿ ವರ್ಗಾವಣೆ 30,000. ಸೆರಾಮಿಕ್ ಕೋಟಿಂಗ್ 38,000. ಒಂದು ವರ್ಷದ ವಾರಂಟಿ 65,000. ಇನ್ಶೂರೆನ್ಸ್ ವರ್ಗಾವಣೆ 5,000. ಟಿಸಿಎಸ್, ಅಂದರೆ ಮಾರುವವನು ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, 1%. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಜಿಎಸ್‌ಟಿ ಪ್ರತ್ಯೇಕ.

ಆ ಕಾಗದವನ್ನು ಶೆಟ್ರ ಮುಂದೆ ಇಟ್ಟೆ. ಇಬ್ಬರೂ ಕೂತು ಒಂದೊಂದೇ ಸಾಲು ಓದಿದೆವು.

ಟಿಸಿಎಸ್ ಡೀಲರ್ ಜೇಬಿಗೆ ಹೋಗುವ ದುಡ್ಡಲ್ಲ. 10 ಲಕ್ಷ ದಾಟಿದ ಕಾರಿಗೆ ಆತ ಅದನ್ನು ತೆಗೆದುಕೊಳ್ಳಲೇಬೇಕು. ನಮ್ಮ ಪ್ಯಾನ್ ಮೇಲೆ ಜಮಾ ಆಗುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ನಮ್ಮ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಜಗಳ ಬೇಡ. ನಮ್ಮ ಪ್ಯಾನ್ ಮೇಲೆ ಜಮಾ ಆದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಕಾಣಿಸಿತಾ ಅಂತ ಮಾತ್ರ ನೋಡಬೇಕು.

ಜಿಎಸ್‌ಟಿ ವಿಷಯದಲ್ಲಿ ತುಂಬ ಜನ ಹೆದರಿ ಕೊಟ್ಟುಬಿಡುತ್ತಾರೆ. ಹಳೆಯ ಕಾರು ಮಾರುವ ಡೀಲರ್ 18% ಜಿಎಸ್‌ಟಿ ಕಟ್ಟುವುದು ಸಾಮಾನ್ಯವಾಗಿ ತನ್ನ ಲಾಭದ ಮೇಲೆ. ಅಂದರೆ ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ವ್ಯತ್ಯಾಸದ ಮೇಲೆ. ಕಾರಿನ ಪೂರ್ತಿ ಬೆಲೆಯ ಮೇಲೆ ಅಲ್ಲ. "ನಿಮ್ಮ ಲಾಭದ ತೆರಿಗೆ ನಿಮ್ಮ ಬೆಲೆಯೊಳಗೇ ಇರಲಿ, ಸರ್" ಅಂದೆ. ಆ ಸಾಲು ಹೋಯಿತು.

ಆರ್‌ಸಿ ವರ್ಗಾವಣೆಗೆ ಸರ್ಕಾರದ ಶುಲ್ಕ ಸಾಮಾನ್ಯ ಕಾರಿಗೆ 300 ರೂಪಾಯಿ, ಹೊರದೇಶದಿಂದ ಬಂದದ್ದಕ್ಕೆ 2,500. ಸ್ಮಾರ್ಟ್ ಕಾರ್ಡಿಗೆ 200. ನನ್ನದು ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದ ಕಾರು. ಓಡಾಡುವ ಏಜೆಂಟನಿಗೆ ಕೂಲಿ ಬೇಕು, ಒಪ್ಪುತ್ತೇನೆ. ಆದರೆ 30,000 ಯಾಕೆ? ಕೊನೆಗೆ ಎಲ್ಲ ಸೇರಿ 12,000ಕ್ಕೆ ಬಂತು.

ಹ್ಯಾಂಡ್ಲಿಂಗ್ ಅಂದರೆ ಏನು ಅಂತ ಕೇಳಿದೆ. "ಸರ್, ಅದು ನಮ್ಮ ಸ್ಟ್ಯಾಂಡರ್ಡ್ ಚಾರ್ಜ್" ಅಂದ. ಏನು ಕೆಲಸಕ್ಕೆ ಅಂತ ಬಿಲ್ಲಿನಲ್ಲಿ ಬರೆದು ಕೊಡಿ, ಕೊಡುತ್ತೇನೆ ಅಂದೆ. ಮಾರನೇ ದಿನ ಅದು ಇರಲಿಲ್ಲ. ಕೋಟಿಂಗ್ ಬೇಡ ಅಂದೆ. ವಾರಂಟಿಯ ಷರತ್ತುಗಳನ್ನು ಪೂರ್ತಿ ಓದಿದೆ. ಟರ್ಬೊ, ಟಾಪ್ ಮಡಚುವ ಮೋಟಾರು, ಎಲೆಕ್ಟ್ರಾನಿಕ್ಸ್ ಯಾವುದೂ ಅದರಲ್ಲಿ ಸೇರಿರಲಿಲ್ಲ. ಈ ಕಾರಿನಲ್ಲಿ ಖರ್ಚು ಬರುವುದೇ ಅಲ್ಲಿ. ಆ 65,000ವನ್ನು ಬೇರೆ ಖಾತೆಯಲ್ಲಿ ರಿಪೇರಿಗೆ ಅಂತ ಇಟ್ಟಿದ್ದೇನೆ.

ಇನ್ಶೂರೆನ್ಸ್ ಮಾತು ಸ್ವಲ್ಪ ನಿಧಾನವಾಗಿ ಹೇಳಬೇಕು. "ಪಾಲಿಸಿ ಇನ್ನೂ ಎಂಟು ತಿಂಗಳಿದೆ ಸರ್, ಚಿಂತೆ ಇಲ್ಲ" ಅಂತ ಡೀಲರ್ ಹೇಳುತ್ತಾನೆ. ಕಾರು ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ್ದು, ನಮ್ಮ ಜೊತೆ ಬರುತ್ತದೆ. ನಮ್ಮ ಕಾರಿನ ಸ್ವಂತ ಡ್ಯಾಮೇಜ್ ಭಾಗವನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಗುದ್ದಿಕೊಂಡ ದಿನ ಕ್ಲೇಮ್ ಸಿಗುವುದು ಕಷ್ಟ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅವನ ಜೊತೆಗೇ ಹೋಗುತ್ತದೆ. ಅದು 50% ತನಕ ಇರಬಹುದು, ಆ ವ್ಯತ್ಯಾಸ ನಾವು ತುಂಬಬೇಕು. ನಾನು ಹೊಸ ಪಾಲಿಸಿಯನ್ನೇ ನೇರವಾಗಿ ಮಾಡಿಸಿದೆ. 1500 ಸಿಸಿ ದಾಟಿದ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಆಗ 7,897 ಇತ್ತು, ಯಾವ ಕಂಪನಿಗೆ ಹೋದರೂ ಅದೇ. ಚೌಕಾಸಿ ಮಾಡಬೇಕಾದ್ದು ಉಳಿದ ಭಾಗಕ್ಕೆ.

ಕ್ಲಬ್ಬಿನಿಂದ ಸಿಕ್ಕ ಇನ್ನೊಂದು ಲಾಭ, ಬೆಂಗಳೂರಿನ ಒಬ್ಬ ಮೆಕ್ಯಾನಿಕ್. ನಮ್ಮ ಸದಸ್ಯರ ಪರಿಚಯದವರು. 6,000 ತೆಗೆದುಕೊಂಡು ಅರ್ಧ ದಿನ ಕಾರು ನೋಡಿದರು. ಸ್ಕ್ಯಾನರ್ ಹಾಕಿದರು, ಲಿಫ್ಟಿನ ಮೇಲೆ ಎತ್ತಿದರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಮುಂದಿನೆರಡು ವರ್ಷ. ನಾಲ್ಕರಲ್ಲಿ ಮೂರು ಟೈರಿನ ಮೇಲೆ 2217 ಅಂತಿತ್ತು. 2017ರ 22ನೇ ವಾರದ್ದು. ಹೊರಗಿನ ಅಚ್ಚು ಸವೆದಿಲ್ಲ, ರಬ್ಬರು ಮಾತ್ರ ಕಲ್ಲು. ಈ ಕಾರಿಗೆ ಸ್ಟೆಪ್ನಿ ಇಲ್ಲ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್ ಫ್ಲ್ಯಾಟ್ ಟೈರು, ಜಾಸ್ತಿ ಬೆಲೆ. ಆ ಒಂದು ಮಾತಿಗೆ 60,000 ಕಡಿಮೆಯಾಯಿತು. ಸರ್ಕಾರದ ವಾಹನ ನೋಂದಣಿ ವೆಬ್‌ಸೈಟಾದ ವಾಹನ್ ಪೋರ್ಟಲಿನಲ್ಲಿ ಸಾಲದ ನಮೂದು ಇದೆಯಾ, ಬಾಕಿ ಇ-ಚಲನ್ ಇದೆಯಾ ಅಂತಲೂ ನೋಡಿದೆವು. ನಾಲ್ಕು ಚಲನ್ ಇತ್ತು, ಡೀಲರ್ ಕೈಯಿಂದಲೇ ಕಟ್ಟಿಸಿದೆ.

ಕೊನೆಗೆ ನಾನು ಕೊಟ್ಟದ್ದು ಕಾರಿಗೆ 20,90,000, ವರ್ಗಾವಣೆಗೆ 12,000, ಟಿಸಿಎಸ್ 20,900. ಜನವರಿಯ ಒಂದು ಬೆಳಗ್ಗೆ ಹಾಸನ, ಸಕಲೇಶಪುರ ದಾಟಿ ಶಿರಾಡಿ ಇಳಿದೆ. ಪಕ್ಕದಲ್ಲಿ ಶೆಟ್ರು. ಗುಂಡ್ಯ ಬಂದಾಗ ಟಾಪ್ ತೆಗೆದೆವು. ಕಾಡಿನ ತಂಪು ಒಳಗೆ ಬಂತು. ಬಿ.ಸಿ. ರೋಡ್ ತನಕ ಇಬ್ಬರೂ ಮಾತಾಡಲಿಲ್ಲ.

ಈಗ ನಾನು ಪೂರ್ತಿ 5,000 ಕಟ್ಟುವ ಸದಸ್ಯ. ಏಪ್ರಿಲಿನಲ್ಲಿ ಕಟ್ಟುತ್ತೇವೆ, ಮೇ ಕೊನೆಯ ಭಾನುವಾರ ಎಲ್ಲರ ಕಾರೂ ಶೆಟ್ರ ಮನೆಯ ಅಂಗಳದಲ್ಲಿ. ನಮ್ಮ ಕರಾವಳಿಯ ಉಪ್ಪುಗಾಳಿ ಕಾರಿನ ಅಡಿಭಾಗವನ್ನು ತಿನ್ನುತ್ತದೆ, ಅದಕ್ಕೆ ತೊಳೆದು ತುಕ್ಕು ತಡೆಯುವ ಕೋಟಿಂಗ್ ಹೊಡೆಸುತ್ತೇವೆ. ಟಾಪಿನ ನೀರು ಹೋಗುವ ಕೊಳವೆಗಳಲ್ಲಿ ಎಲೆ, ಕಸ ಕಟ್ಟಿದ್ದರೆ ತೆಗೆಯುತ್ತೇವೆ. ಆ ದಿನದ ಖರ್ಚೆಲ್ಲ ವಾರ್ಷಿಕ ಶುಲ್ಕದಿಂದಲೇ. ಕಳೆದ ಸಲ ನನ್ನ ಕಾರಿನ ಎಡಗಡೆಯ ಕೊಳವೆಯಿಂದ ಒಂದು ಹಿಡಿ ಮಾವಿನ ಹೂವು ಹೊರಬಂತು.