ಮರವಂತೆಯ ಗಾಳಿಗೆ ಒಂದು ಕೊಡೆ

ಮರವಂತೆಯಲ್ಲಿ ಬಸ್ಸಿಗೆ ಕಾದವರಿಗೆ ಕೊಡೆಯ ಪಾಡು ಗೊತ್ತಿರುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ. ಫೋಟೊ ತೆಗೆಯುವವರಿಗೆ ಬಹಳ ಚೆಂದ. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಅಲ್ಲಿ ಗಾಳಿಗೂ ನಮಗೂ ನಡುವೆ ಒಂದು ಮರವೂ ಇರುವುದಿಲ್ಲ. ಕುಂದಾಪುರದ ಕಡೆ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಫಿಟ್ಟರ್ ವಿಭಾಗದ ಮಕ್ಕಳಿಗೆ ಪಾಠ ಮಾಡುವ ನಾನು ಒಂದೇ ಮಳೆಗಾಲದಲ್ಲಿ ನಾಲ್ಕು ಕೊಡೆ ಕಳೆದುಕೊಂಡೆ. ನಾಲ್ಕನೆಯದು ‘ಗಾಳಿ ನಿರೋಧಕ’ ಎಂಬ ಚೀಟಿ ಅಂಟಿಸಿಕೊಂಡು ಬಂದಿತ್ತು. ಕೊನೆಗೆ ಚೀಟಿ ಮಾತ್ರ ಹರಿಯದೆ ಉಳಿಯಿತು. ದಿನವಿಡೀ ಅರ, ಗರಗಸ, ಅಳತೆಪಟ್ಟಿ ಹಿಡಿಯುವವನು ಒಂದು ಕೊಡೆ ಮಾಡಿಕೊಳ್ಳಲಾರನೇ ಎಂಬ ಹಟ ಹುಟ್ಟಿದ್ದು ಅಂದು.

ಹೊಸದನ್ನು ಮಾಡುವ ಮೊದಲು ಸತ್ತ ಕೊಡೆಗಳನ್ನು ನೋಡಬೇಕಿತ್ತು. ಪೇಟೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಅಂಗಡಿಯ ಮಾಡಿನ ಕೆಳಗೆ ಗೋಣಿ ಹಾಸಿಕೊಂಡು ಕೂರುವ ಕೊಡೆ ರಿಪೇರಿಯ ಅಜ್ಜನೊಬ್ಬರಿದ್ದಾರೆ. ಅವರ ಬಳಿ ರಿಪೇರಿಯಾಗದೆ ಬಿದ್ದಿದ್ದ ಒಂದು ಗೋಣಿ ಕೊಡೆಗಳನ್ನು ಕೇಳಿ ತಂದೆ. “ಇದರಲ್ಲಿ ಏನು ಹುಡುಕುತ್ತೀರಿ ಮಾಷ್ಟ್ರೇ? ಎಲ್ಲವೂ ಒಂದೇ ಕಡೆ ಮುರಿದಿರುತ್ತವೆ” ಎಂದರು. ಮನೆಯ ಜಗಲಿಯಲ್ಲಿ ಹರಡಿ ನೋಡಿದರೆ ಅವರ ಮಾತು ಹೆಚ್ಚುಕಡಿಮೆ ನಿಜ. ಉದ್ದದ ಕಡ್ಡಿಗೆ ಆಸರೆ ಕಡ್ಡಿ ಬಂದು ಸೇರುವ ರಿವೆಟ್ಟಿನ ಜಾಗದಲ್ಲೇ ಅರ್ಧಕ್ಕಿಂತ ಹೆಚ್ಚು ಕೊಡೆಗಳ ಸೊಂಟ ಮುರಿದಿತ್ತು. ಉಳಿದವುಗಳಲ್ಲಿ ಕೆಲವಕ್ಕೆ ನೆತ್ತಿಯಲ್ಲಿ ಕಡ್ಡಿಗಳನ್ನು ಸುತ್ತಿ ಕಟ್ಟುವ ತಂತಿ ತುಕ್ಕು ಹಿಡಿದು ಹೋಗಿತ್ತು, ಕೆಲವಕ್ಕೆ ತುದಿಯ ಹೊಲಿಗೆ ಬಿಟ್ಟಿತ್ತು. ಬಟ್ಟೆ ಹರಿದು ಸತ್ತದ್ದು ಒಂದೂ ಇರಲಿಲ್ಲ. ನಾವು ಮಾತ್ರ ಅಂಗಡಿಯಲ್ಲಿ ಬಟ್ಟೆಯನ್ನೇ ಮುಟ್ಟಿ ಮುಟ್ಟಿ ನೋಡಿ ಕೊಡೆ ಕೊಳ್ಳುತ್ತೇವೆ.

ಆ ಸೊಂಟದ ಜಾಗ ಏಕೆ ಸೋಲುತ್ತದೆ? ಕೊಡೆ ಬಿಚ್ಚಿದಾಗ ಬಟ್ಟೆ ಕಡ್ಡಿಯ ತುದಿಯನ್ನು ಕೆಳಕ್ಕೆ ಎಳೆದಿರುತ್ತದೆ, ಆಸರೆ ಕಡ್ಡಿ ನಡುವನ್ನು ಹೊರಕ್ಕೆ ನೂಕಿರುತ್ತದೆ. ಮೇಲಿನಿಂದ ಎಷ್ಟು ಒತ್ತಿದರೂ ಈ ಜೋಡಣೆ ತಾಳಿಕೊಳ್ಳುತ್ತದೆ. ಗಾಳಿ ಒಳಗೆ ನುಗ್ಗಿದರೆ ಲೆಕ್ಕವೆಲ್ಲ ತಿರುಗುಮುರುಗು. ರಿವೆಟ್ಟಿನಿಂದ ಆಚೆಗಿನ ಒಂದು ಗೇಣಿಗೂ ಹೆಚ್ಚಿನ ಕಡ್ಡಿಯನ್ನು ಮೇಲೆ ಹೋಗದಂತೆ ಹಿಡಿಯುವವರು ಯಾರೂ ಇಲ್ಲ, ಏಕೆಂದರೆ ಬಟ್ಟೆಗೆ ಎಳೆಯಲು ಬರುತ್ತದೆಯೇ ಹೊರತು ನೂಕಲು ಬರುವುದಿಲ್ಲ. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಉಕ್ಕಿನ ಪಟ್ಟಿಯನ್ನು ಮೋರಿಯಂತೆ ಮಡಚಿ ಕಡ್ಡಿ ಮಾಡಿದ. ಕಡಿಮೆ ಉಕ್ಕಿನಲ್ಲಿ ಹೆಚ್ಚು ಬಿಗಿ. ಇವತ್ತಿಗೂ ಹೆಚ್ಚಿನ ಕೊಡೆಗಳ ಕಡ್ಡಿ ಅದೇ ಕುಲದ್ದು. ಆದರೆ ಹಾಗೆ ಮಡಚಿದ ಪಟ್ಟಿ ತಿರುಚಿದರೆ ತಾಳುವುದಿಲ್ಲ, ಮೇಲಾಗಿ ರಿವೆಟ್ಟಿಗೆಂದು ಅಲ್ಲೇ ತೂತು ಬೇರೆ ಕೊರೆದಿರುತ್ತಾರೆ.

ಗಾಳಿಯ ಬಲವನ್ನು ಕಾಗದದ ಮೇಲೆ ಹಾಕಿ ನೋಡಿದೆ. ಗಾಳಿಯ ವೇಗವನ್ನು ಅಳೆಯುವ ಯಂತ್ರದಲ್ಲಿ ಬಟ್ಟಲುಗಳು ತಿರುಗುವುದನ್ನು ನೀವು ನೋಡಿರಬಹುದು. ಬಟ್ಟಲಿನ ಬೆನ್ನಿಗಿಂತ ಬಾಯಿಗೆ ಗಾಳಿ ಮೂರು ಪಟ್ಟಿಗೂ ಹೆಚ್ಚು ಜೋರಾಗಿ ಒತ್ತುವುದರಿಂದಲೇ ಅದು ತಿರುಗುವುದು. ಕೊಡೆಯೂ ಬಟ್ಟಲೇ. ಒಂದು ಮೀಟರ್ ಅಗಲದ ಕೊಡೆಯ ಬೆನ್ನನ್ನು ಗಂಟೆಗೆ 50 ಕಿ.ಮೀ. ಗಾಳಿಗೆ ಕೊಟ್ಟರೆ ಸುಮಾರು 4 ಕೆ.ಜಿ.ಯಷ್ಟು ಒತ್ತಡ, ಬಾಯಿ ಕೊಟ್ಟರೆ 13 ಕೆ.ಜಿ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ನಾವಿಕರು ಬಳಸುವ ಬ್ಯೂಫೋರ್ಟ್ ಮಾಪನದಲ್ಲಿ 6ನೆಯ ಮಟ್ಟದ, ಅಂದರೆ ಗಂಟೆಗೆ 39ರಿಂದ 49 ಕಿ.ಮೀ. ಗಾಳಿಯ ಗುರುತುಗಳಲ್ಲಿ ‘ಕೊಡೆ ಹಿಡಿಯುವುದು ಕಷ್ಟ’ ಎಂಬುದೂ ಒಂದು. ನಮ್ಮ ಊರಿನಲ್ಲಿ ಅದು ಪುನರ್ವಸು ಮಳೆಯ ಯಾವುದೋ ಒಂದು ಸಾಧಾರಣ ಸಂಜೆ.

13 ಕೆ.ಜಿ.ಯನ್ನು ಎಂಟು ಕಡ್ಡಿಗೆ ಹಂಚಿದರೆ ತಲಾ 1.6. ಬಟ್ಟೆ ಅಂಚಿನ ಕಡೆ ಅಗಲವಾದ್ದರಿಂದ ಭಾರವೂ ಅಂಚಿನ ಕಡೆಗೇ ಹೆಚ್ಚು. ಕಡ್ಡಿಯ ತುದಿಗೆ ಒಂದು ಕೆ.ಜಿ. ತೂಗಿಬಿಟ್ಟ ಹಾಗೆ ಎಂದು ಅಂದಾಜು ಕಟ್ಟಿದೆ. ಪರೀಕ್ಷೆಗೆ ಗಾಳಿ ಬೇಕಿಲ್ಲ ಎಂದು ಹೊಳೆದದ್ದು ಆಗಲೇ. ಕೊಡೆಯನ್ನು ಬಿಚ್ಚಿ, ಹಿಡಿ ಮೇಲೆ ಬರುವಂತೆ ಮಾಡಿನ ಅಡ್ಡಮರಕ್ಕೆ ತಲೆಕೆಳಗಾಗಿ ತೂಗುಹಾಕಿ, ಎಂಟೂ ತುದಿಗೆ ಮರಳಿನ ಪೊಟ್ಟಣ ಕಟ್ಟುತ್ತ ಹೋದರಾಯಿತು. ಅಂಗಡಿಯ ಕೊಡೆಗಳು ತುದಿಗೆ 300-400 ಗ್ರಾಂ ಬೀಳುವಷ್ಟರಲ್ಲಿ ಮಗುಚಿದವು. ನನಗೆ ಒಂದು ಕೆ.ಜಿ. ಬೇಕಿತ್ತು.

ಮೊದಲ ಕೊಡೆಯನ್ನು ಫಿಟ್ಟರ್ ಬುದ್ಧಿಯಿಂದಲೇ ಮಾಡಿದೆ: ಎಲ್ಲವನ್ನೂ ದಪ್ಪ ಮಾಡಿದೆ. ಗಟ್ಟಿ ಉಕ್ಕಿನ ಸರಳು, ಹಿತ್ತಾಳೆಯ ಕೀಲು, ಸ್ಟೀಲ್ ಕೊಳವೆಯ ಕೋಲು. ಮರಳಿನ ಪರೀಕ್ಷೆಯಲ್ಲಿ ಎರಡು ಕೆ.ಜಿ.ಗೂ ಜಗ್ಗಲಿಲ್ಲ. ಬಹಳ ಹೆಮ್ಮೆಪಟ್ಟೆ. ರಸ್ತೆ ಖಾಲಿಯಾಗಲಿ ಎಂದು ರಾತ್ರಿ ಹನ್ನೊಂದಕ್ಕೆ ಅದನ್ನು ಹಿಡಿದು ಹೊರಟಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಿಮಗೆ ಐಶ್ವರ್ಯ ಯಾವಾಗ ಬಂತು?” ಎಂದು ಕೇಳಿದಳು. ಕಡಲ ಕಡೆಯಿಂದ ಬಂದ ಮೊದಲ ಬೀಸಿಗೇ ಗಾಳಿ ನನ್ನನ್ನು ಕೊಡೆಯ ಸಮೇತ ರಸ್ತೆಯ ಆಚೆ ಬದಿಗೆ ಎಳೆಯಿತು. ಕೊಡೆಗೆ ಏನೂ ಆಗಲಿಲ್ಲ. ನನ್ನ ಬಲಗೈ ಮಣಿಕಟ್ಟು ಹದಿನೈದು ದಿನ ಊದಿಕೊಂಡಿತ್ತು. ಲಾರಿಯೊಂದು ಆ ಹೊತ್ತಿಗೆ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಕೈ ಊದಿಸಿಕೊಂಡು ಕೂತಾಗ ನನ್ನ ಪ್ರಶ್ನೆಯೇ ತಪ್ಪು ಎಂದು ಅರಿವಾಯಿತು. ಕೈ ತಡೆಯಲಾರದ ಗಾಳಿಯನ್ನು ಕೊಡೆ ತಡೆದು ಏನು ಪ್ರಯೋಜನ? ಮಗುಚಿಕೊಳ್ಳುವ ಕೊಡೆ ಒಂದು ರೀತಿಯಲ್ಲಿ ವಿದ್ಯುತ್ತಿನ ಫ್ಯೂಸ್ ಇದ್ದ ಹಾಗೆ. ಅದು ಹೋಗುವುದು ತಪ್ಪಲ್ಲ, ಹೋದದ್ದು ಮತ್ತೆ ಬಾರದಿರುವುದು ತಪ್ಪು. ಆದ್ದರಿಂದ 50 ಕಿ.ಮೀ. ಗಾಳಿಯವರೆಗೆ ಹಿಡಿದು ನಿಲ್ಲಬೇಕು, ಅದನ್ನು ಮೀರಿದರೆ ಏನೂ ಮುರಿಯದೆ ಬಿಟ್ಟುಕೊಡಬೇಕು, ಮತ್ತೆ ಮಡಚಿ ಬಿಚ್ಚಿದರೆ ಮೊದಲಿನಂತಾಗಬೇಕು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ.

ಉಕ್ಕು ಬಿಟ್ಟು ಫೈಬರ್‌ಗ್ಲಾಸಿಗೆ ಬಂದೆ. ನಾಲ್ಕು ಮಿ.ಮೀ. ದಪ್ಪದ ಸರಳು ತರಿಸಿ ಎಂದಿನ ಅಭ್ಯಾಸದಂತೆ ತೂತು ಕೊರೆದೆ. ಬಿದಿರು ಸೀಳಿದ ಹಾಗೆ ಉದ್ದಕ್ಕೆ ಸೀಳಿತು. ನಾಲ್ಕು ಸರಳು ಹಾಳಾದ ಮೇಲೆ ಗಂಗೊಳ್ಳಿಯಲ್ಲಿ ಫೈಬರ್ ದೋಣಿಗಳಿಗೆ ತೇಪೆ ಹಾಕುವ ಹುಡುಗನೊಬ್ಬನನ್ನು ಕೇಳಿದೆ. “ಇದಕ್ಕೆ ಯಾರಾದರೂ ತೂತು ಮಾಡುತ್ತಾರೆಯೇ? ಸುತ್ತಿ ಕಟ್ಟಬೇಕು” ಎಂದು ನಕ್ಕ. ತೆಳು ಹಿತ್ತಾಳೆಯ ಕೊಳವೆಯ ತುಂಡನ್ನು ಸರಳಿಗೆ ತೊಡಿಸಿ, ಎರಡೂ ಕಡೆ ದಾರ ಸುತ್ತಿ, ಅರಾಲ್ಡೈಟ್ ಕುಡಿಸಿ, ಕೀಲನ್ನು ಆ ಕೊಳವೆಗೆ ಬೆಸುಗೆ ಹಾಕಿದ ಕಿವಿಯಲ್ಲಿ ಕೂರಿಸಿದೆ. ಬೆಸುಗೆ ಮೊದಲು, ಅಂಟು ಆಮೇಲೆ. ಈ ಕ್ರಮ ತಿರುಗಾಮುರುಗಾ ಮಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತು, ಹೇಳುವುದಿಲ್ಲ.

ಫೈಬರ್ ಬಾಗುತ್ತದೆ, ಮುರಿಯುವುದಿಲ್ಲ. ಆದರೆ ಬಹಳ ಬೇಗ ಬಾಗುತ್ತದೆ, 250 ಗ್ರಾಮಿಗೇ ಮಗುಚಿತು. ಅದಕ್ಕೆ ಕಡಿವಾಣ ಬೇಕಾಯಿತು. ದೋಣಿಯ ಕಂಬವನ್ನು ಹಗ್ಗದಿಂದ ಬಿಗಿಯುವಂತೆ, ಕಡ್ಡಿಯ ತುದಿಗೆ ಸ್ವಲ್ಪ ಈಚೆಯಿಂದ, ಕೋಲಿನ ಮೇಲೆ ಜಾರುವ ಕೊಳವೆಗೆ ನೈಲಾನ್ ದಾರ ಕಟ್ಟಿದೆ. ಕೊಡೆ ಮಡಚುವಾಗ ಕೊಳವೆ ಕೆಳಗೆ ಬಂದಂತೆ ಈ ದಾರ ತಾನೇ ಸಡಿಲವಾಗುತ್ತದೆ, ಪೂರ್ತಿ ಬಿಚ್ಚಿದಾಗ ಮಾತ್ರ ಬಿಗಿಯಾಗುತ್ತದೆ. ಕಾಗದದ ಮೇಲೆ ತ್ರಿಕೋನ ಎಳೆದು ಇದನ್ನು ಖಚಿತ ಮಾಡಿಕೊಂಡ ದಿನ ಅನ್ನ ರುಚಿಯಾಗಿತ್ತು.

ತೊಂದರೆ ಕೋನದಲ್ಲಿತ್ತು. ಬಿಚ್ಚಿದ ಕೊಡೆಯಲ್ಲಿ ಆ ಕೊಳವೆ ನೆತ್ತಿಯ ಹತ್ತಿರವೇ ಇರುವುದರಿಂದ ದಾರ ಹೆಚ್ಚುಕಡಿಮೆ ಕಡ್ಡಿಯ ಪಕ್ಕದಲ್ಲೇ ಓಡುತ್ತದೆ. ನಡುವೆ ಹದಿನಾರು ಡಿಗ್ರಿ ಅಷ್ಟೇ. ತುದಿ ಒಂದು ಕೆ.ಜಿ. ಬಲದಿಂದ ಮೇಲೇಳದಂತೆ ಹಿಡಿಯಲು ದಾರ ಮೂರೂವರೆ ಕೆ.ಜಿ. ಎಳೆಯಬೇಕು. ದಾರಕ್ಕೆ ಅದು ಭಾರವಲ್ಲ, ಗಂಟು ಮಾತ್ರ ಕಡ್ಡಿಯ ಮೇಲೆ ಜಾರುತ್ತಿತ್ತು. ದಾರವನ್ನು ಕೋಲಿನ ಮೇಲೆ ಇನ್ನೂ ಕೆಳಗೆ ಕಟ್ಟೋಣವೆಂದರೆ ಜಾರುವ ಕೊಳವೆಗೇ ಅದು ಅಡ್ಡ. ಎರಡು ವಾರ ಇದರಲ್ಲೇ ಕಳೆಯಿತು. ಪರಿಹಾರ ತೀರಾ ಸರಳವಿತ್ತು: ಕೊಳವೆಯನ್ನೇ ಹತ್ತು ಸೆಂ.ಮೀ. ಉದ್ದ ಮಾಡಿದೆ. ಆಸರೆ ಕಡ್ಡಿಗಳು ಅದರ ಮೇಲಿನ ಬಳೆಗೆ, ದಾರಗಳು ಕೆಳಗಿನ ಬಳೆಗೆ. ಕೋನ ಇಪ್ಪತ್ತೆಂಟಕ್ಕೆ ಏರಿತು, ಎಳೆತ ಎರಡು ಕೆ.ಜಿ.ಗೆ ಇಳಿಯಿತು. ಗಾಳಿ ಜೋರಾದಾಗ ಎಡಗೈಯಲ್ಲಿ ಆ ಉದ್ದ ಕೊಳವೆಯನ್ನೇ ಹಿಡಿದರೆ ಮಣಿಕಟ್ಟಿಗೆ ಹಾಯೆನಿಸುತ್ತದೆ ಎಂಬುದು ಆಮೇಲೆ ಸಿಕ್ಕ ಲಾಭ.

ಫ್ಯೂಸ್ ಆಗಿ ಬಂದದ್ದು ಸೈಕಲ್ ಟ್ಯೂಬ್. ಪ್ರತಿ ದಾರದ ಬುಡದಲ್ಲಿ ಟ್ಯೂಬಿನಿಂದ ಕತ್ತರಿಸಿದ ಎಂಟು ಮಿ.ಮೀ. ಅಗಲದ ಪಟ್ಟಿ ಸೇರಿಸಿದೆ. ತುದಿಗೆ ಒಂದು ಕೆ.ಜಿ.ವರೆಗೆ ಅದು ಅಷ್ಟಾಗಿ ಹಿಗ್ಗುವುದಿಲ್ಲ, 1.2 ದಾಟಿದರೆ ಜಗ್ಗಿ ಕಡ್ಡಿಯನ್ನು ಬಿಟ್ಟುಕೊಡುತ್ತದೆ. ಕೊಡೆ ತಾವರೆಯಂತೆ ಮೇಲಕ್ಕೆ ಅರಳುತ್ತದೆ. ಕೊಳವೆಯನ್ನು ಕೆಳಕ್ಕೆ ಎಳೆದರೆ ಎಲ್ಲವೂ ಮರಳಿ ಸ್ವಸ್ಥಾನಕ್ಕೆ.

ನೆತ್ತಿಯಲ್ಲಿ ಗಾಳಿ ಹೊರಹೋಗಲು ಎರಡು ಪದರದ ಬಟ್ಟೆ ಹಾಕುವುದು ಹಳೆಯ ಉಪಾಯ. ಗಾಲ್ಫ್ ಆಟದವರ ದೊಡ್ಡ ಕೊಡೆಗಳಲ್ಲಿ ನೋಡಬಹುದು. ಮೇಲಿನ ಪದರ ಕೆಳಗಿನದರ ಮೇಲೆ ನಾಲ್ಕು ಬೆರಳಾದರೂ ಹಾಯಬೇಕು. ನನ್ನ ದರ್ಜಿ ಬಟ್ಟೆ ಉಳಿಸಲು ಎರಡೇ ಬೆರಳು ಬಿಟ್ಟಿದ್ದರಿಂದ ಮೊದಲ ಸಲ ಕೊಡೆಯ ಹೊರಗಿಗಿಂತ ಒಳಗೇ ಹೆಚ್ಚು ನೆನೆದೆ.

ಆಕಾರದ ವಿಷಯದಲ್ಲಿ ಮಾತ್ರ ಸೋತೆ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮುಂದೆ ಗಿಡ್ಡ, ಹಿಂದೆ ಉದ್ದ ಇರುವ ‘ಸೆನ್ಜ್’ ಎಂಬ ಕೊಡೆ ಮಾಡಿದ್ದಾರೆ. ಗಾಳಿ ಬಂದಾಗ ಅದು ತಾನೇ ಗಾಳಿಗೆ ಮುಖ ತಿರುಗಿಸುತ್ತದೆ. ಅದರ ಚಿತ್ರ ನೋಡಿದಾಗ ನನಗೆ ನೆನಪಾದದ್ದು ನಮ್ಮ ಗೊರಬು. ನಾಟಿಯ ಗದ್ದೆಯಲ್ಲಿ ಹೆಂಗಸರು ತಲೆಯಿಂದ ಸೊಂಟದವರೆಗೆ ಬೆನ್ನಿಗೆ ಹೊದೆಯುತ್ತಿದ್ದ ಬಿದಿರು ಮತ್ತು ಎಲೆಯ ಹೆಣಿಗೆ. ಮುಂದೆ ಗಿಡ್ಡ, ಹಿಂದೆ ಉದ್ದ, ಎರಡೂ ಕೈ ಖಾಲಿ. ಹಿಡಿಯುವ ಕೋಲೇ ಇಲ್ಲದ್ದರಿಂದ ಮಣಿಕಟ್ಟಿನ ಗೊಡವೆಯೂ ಇಲ್ಲ. ಒಂದೊಂದು ಕಡ್ಡಿಗೂ ಒಂದೊಂದು ಉದ್ದ ಕೊಟ್ಟು ಅಂಥದೊಂದನ್ನು ಹೊಲಿಸಲು ಹೋದೆ. ಎಂಟು ಬಗೆಯ ತುಂಡು ಬಟ್ಟೆ ನೋಡಿ ದರ್ಜಿ ಕೈಮುಗಿದರು.

ಕಳೆದ ಎರಡು ಮಳೆಗಾಲ ಇದೇ ಕೊಡೆ ಹಿಡಿದು ಬಸ್ಸಿಗೆ ನಿಂತಿದ್ದೇನೆ. ಐದಾರು ಸಲ ಮಗುಚಿದೆ, ಒಮ್ಮೆಯೂ ಮುರಿದಿಲ್ಲ. ತೂಕ 640 ಗ್ರಾಂ, ಹೆಂಡತಿ ಮುಟ್ಟುವುದಿಲ್ಲ. ಎತ್ತರದವರು ಜೊತೆಗೆ ಬಂದರೆ ದಾರ ತಲೆಗೂದಲಿಗೆ ಜೇಡರ ಬಲೆಯಂತೆ ತಾಗುತ್ತದೆ. ರಿಪೇರಿಯ ಅಜ್ಜ ಕೈಯಲ್ಲಿ ಹಿಡಿದು, ಬಿಚ್ಚಿ, ಮಡಚಿ, ಎರಡು ಸಲ ಬೇಕೆಂದೇ ಮಗುಚಿ ನೋಡಿ, “ಎಲ್ಲರೂ ಇಂಥದ್ದು ಹಿಡಿದರೆ ನಾನು ಏನು ತಿನ್ನಲಿ?” ಎಂದರು. ಆಮೇಲೆ ಟ್ಯೂಬಿನ ಪಟ್ಟಿಯನ್ನು ಉಗುರಿನಿಂದ ಕೆರೆದು, “ಇದು ವರ್ಷಕ್ಕೊಮ್ಮೆ ಅಂಟಂಟಾಗುತ್ತದೆ ಮಾಷ್ಟ್ರೇ. ಬದಲಿಸಲು ನನ್ನ ಹತ್ತಿರವೇ ತನ್ನಿ” ಎಂದು ಸೇರಿಸಿದರು. ಅವರು ಹೇಳಿದಂತೆಯೇ ಈ ಸಲ ಏಪ್ರಿಲ್‌ನಲ್ಲಿ ತೆಗೆದು ನೋಡಿದರೆ ಎಂಟರಲ್ಲಿ ಮೂರು ಪಟ್ಟಿ ಬಿರಿದಿದ್ದವು. ಹೊಸ ಟ್ಯೂಬ್ ತಂದಿಟ್ಟಿದ್ದೇನೆ, ಆರಿದ್ರಾ ಹಿಡಿಯುವ ಮೊದಲು ಕತ್ತರಿಸಬೇಕು.